ಹಾರುದೋಣಿಯ ಅನುಕರಣದಲ್ಲಿ ಯಾಥಾರ್ಥ್ಯವಿಚಾರ

೧

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿ ವಿಂಗಡಿಸಿದ ನಮ್ಮ ಆಲಂಕಾರಿಕರು, ಪ್ರೇಕ್ಷಕನೇ ನಟನೂ ಆಗಿರುವ ದೃಶ್ಯವೊಂದನ್ನು ಎಣಿಕೆಗೆ ತಂದುಕೊಂಡಿರಲಿಲ್ಲ. ಮನೆಯಲ್ಲಿ ಕಂಪ್ಯೂಟರಿನ ಎದುರು ಕುಳಿತು, ವಿಮಾನವನ್ನು ತಾನೇ ನಡೆಸುತ್ತಿರುವಂತೆ ಅನುಭವಿಸುವುದಕ್ಕಾಗಿ ರಚಿತವಾಗಿರುವ ಫ್ಲೈಟ್ ಸಿಮ್ಯುಲೇಟರುಗಳು ಈ ಬಗೆಗೆ ಸೇರಿದುವು. ಇವು ಹುಡುಗರ ಆಟಗಳು, ವಿದ್ವತ್ಪತ್ರಿಕೆಯ ವಿಚಾರಕ್ಕೆ ಯೋಗ್ಯವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಅನುಕರಣವು ಎಲ್ಲಿ ಉಂಟೋ ಅಲ್ಲಿ ನಾಟ್ಯಶಾಸ್ತ್ರದ ಪ್ರಶ್ನೆಗಳೂ ಉಂಟು. ಈ ಲೇಖಕನು ವೈಮಾನಿಕನಲ್ಲ, ಅಲಂಕಾರಶಾಸ್ತ್ರದ ವಿದ್ಯಾರ್ಥಿ. ಅನುಕರಣವು ಯಾವಾಗ ಸಾಧು, ಯಾವಾಗ ಅಸಾಧು ಎಂಬಷ್ಟನ್ನೇ ಇಲ್ಲಿ ವಿಚಾರಿಸಬೇಕೆಂದು ಸಂಕಲ್ಪ.

ಈ ಕೃತಿಗಳ ಪರಂಪರೆಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ೧೯೭೦ರ ದಶಕದ ಕೊನೆಯಲ್ಲಿ ಬ್ರೂಸ್ ಆರ್ಟ್‌ವಿಕ್ ಎಂಬವರು ಮನೆಯ ಕಂಪ್ಯೂಟರಿಗೆಂದು ಇಂಥ ಕೃತಿಯೊಂದನ್ನು ರಚಿಸಿದರು. ಅದೇ ಬೀಜದಿಂದ ೧೯೮೨ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ಫ್ಲೈಟ್ ಸಿಮ್ಯುಲೇಟರ್ ಹುಟ್ಟಿತು. ಅದರ ‘ಎಕ್ಸ್’ ಎಂಬ ಪಾಠವು ೨೦೦೬ರಲ್ಲಿಯೂ, ಭೂಮಂಡಲವನ್ನೆಲ್ಲ ಉಪಗ್ರಹಚಿತ್ರಗಳ ಆಧಾರದಿಂದ ತೋರಿಸುವ ಹೊಸ ಪಾಠವು ೨೦೨೦ರಲ್ಲಿಯೂ, ಅದರ ಮುಂದಿನದು ೨೦೨೪ರಲ್ಲಿಯೂ ಪ್ರಕಟವಾದುವು. ಇದಕ್ಕೆ ಪ್ರತಿಸ್ಪರ್ಧಿಯಾಗಿ ಆಸ್ಟಿನ್ ಮೇಯರ್ ಎಂಬವರ ‘ಎಕ್ಸ್-ಪ್ಲೇನ್’ ಬೆಳೆದಿದೆ. ಇದು ರೆಕ್ಕೆಯನ್ನೂ ಪ್ರೊಪೆಲ್ಲರನ್ನೂ ಸಣ್ಣ ಸಣ್ಣ ತುಂಡುಗಳಾಗಿ ಭಾವಿಸಿ, ಒಂದೊಂದರ ಮೇಲೆಯೂ ಗಾಳಿಯು ಬೀರುವ ಬಲವನ್ನು ಲೆಕ್ಕಹಾಕಿ ಕೂಡಿಸುವ ಪದ್ಧತಿಯನ್ನು ಅನುಸರಿಸುತ್ತದೆ. ಈ ಕೃತಿಗಳ ಅಭ್ಯಾಸಿಗಳು ಪ್ರಶಂಸೆಯ ಪರಮಾವಧಿಯಾಗಿ ಬಳಸುವ ಮಾತು ಒಂದೇ: ‘ಯಥಾರ್ಥವಾಗಿದೆ’ ಎಂಬುದು. ಆ ಮಾತಿನ ಅರ್ಥವೇನೆಂದು ಪರೀಕ್ಷಿಸಲು ಹಾರುದೋಣಿಗಿಂತ ಉತ್ತಮವಾದ ಒರೆಗಲ್ಲು ಇಲ್ಲ.

ಹಾರುದೋಣಿ, ಎಂದರೆ ಫ್ಲೈಯಿಂಗ್ ಬೋಟ್, ಗಾಲಿಯ ಬದಲು ತೇಲುಗಳನ್ನು ಕಟ್ಟಿಕೊಂಡ ವಿಮಾನವಲ್ಲ. ಅದರ ಒಡಲೇ ದೋಣಿ. ನೀರಿನ ಮೇಲೆ ಅದು ನೌಕೆ, ಆಕಾಶದಲ್ಲಿ ವಿಮಾನ. ಒಂದು ರೂಪವನ್ನು ಬಿಟ್ಟು ಇನ್ನೊಂದನ್ನು ತಾಳುವ ಕೆಲವು ಕ್ಷಣಗಳಲ್ಲಿ ಎರಡೂ ಹೌದು, ಎರಡೂ ಅಲ್ಲ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಅದರ ಪ್ರಾಣವು ಸಂಧಿಸ್ಥಾನದಲ್ಲಿದೆ.

೨

ಯಾಥಾರ್ಥ್ಯದ ವಿಚಾರಕ್ಕೆ ಇಲ್ಲಿ ವಿಶೇಷವಾದ ಗೌರವವು ಬಂದಿರುವುದಕ್ಕೆ ಒಂದು ಕಾರಣವುಂಟು. ಮೂಲಗಳು ನಷ್ಟವಾಗಿವೆ. ೧೯೩೮ರಲ್ಲಿ ಮೊದಲು ಹಾರಿದ ಬೋಯಿಂಗ್ ೩೧೪ ಎಂಬ ಮಹಾನೌಕೆಗಳು ಹನ್ನೆರಡು ನಿರ್ಮಿತವಾದುವು; ಒಂದೂ ಉಳಿದಿಲ್ಲ. ಐರ್ಲೆಂಡಿನ ಫಾಯ್ನ್ಸ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿರುವುದು ಪೂರ್ಣಪ್ರಮಾಣದ ಪ್ರತಿಕೃತಿ ಮಾತ್ರ. ಪೆಸಿಫಿಕ್ ಸಾಗರವನ್ನು ದಾಟಿದ ಮಾರ್ಟಿನ್ ಎಂ-೧೩೦ಗಳು ಮೂರಿದ್ದುವು. ೧೯೩೮, ೧೯೪೩, ೧೯೪೫ನೆಯ ವರ್ಷಗಳಲ್ಲಿ ಒಂದೊಂದಾಗಿ ಮೂರೂ ನಾಶವಾದುವು. ಇಂಪೀರಿಯಲ್ ಏರ್‌ವೇಸ್ ಸಂಸ್ಥೆಗೆಂದು ಷಾರ್ಟ್ ಸೋದರರ ಕಾರ್ಖಾನೆಯು ೧೯೩೬ರಿಂದ ಕಟ್ಟಿದ ‘ಎಂಪೈರ್’ ದೋಣಿಗಳು ೪೨. ಅವುಗಳಲ್ಲಿಯೂ ಒಂದೂ ಇಲ್ಲ. ಹನ್ನೆರಡು ಎಂಜಿನುಗಳನ್ನು ಹೊತ್ತು, ೧೯೨೯ರ ಅಕ್ಟೋಬರಿನಲ್ಲಿ ೧೬೯ ಜನರನ್ನು ಒಂದೇ ಸಲಕ್ಕೆ ಎತ್ತಿದ ಜರ್ಮನಿಯ ಡಾರ್ನಿಯೆ ಡೊ-ಎಕ್ಸ್ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದ್ದಾಗ ಯುದ್ಧಕಾಲದ ಬಾಂಬುದಾಳಿಗೆ ಆಹುತಿಯಾಯಿತು. ಕ್ಯಾಟಲೀನಾ ಮೊದಲಾದ ಕೆಲವು ಜಾತಿಗಳು ಮಾತ್ರ ಅಲ್ಲೊಂದು ಇಲ್ಲೊಂದು ಇಂದಿಗೂ ಹಾರುತ್ತಿರುವುವು.

ಹೀಗಾಗಿ ಮುಂದಿನ ತಲೆಮಾರಿನವನಿಗೆ ಬೋಯಿಂಗ್ ೩೧೪ ನೀರಿನಿಂದ ಹೇಗೆ ಏಳುತ್ತಿತ್ತು ಎಂಬ ಜಿಜ್ಞಾಸೆ ಉಂಟಾದರೆ, ಅವನು ಹಳೆಯ ಚಲಚ್ಚಿತ್ರದ ತುಣುಕುಗಳನ್ನು ನೋಡುವುದಕ್ಕಿಂತ ಮೊದಲು ಮನೆಯ ಸಿಮ್ಯುಲೇಟರನ್ನೇ ತೆರೆಯುವನು. ಮೂಲಗ್ರಂಥವು ಲುಪ್ತವಾಗಿ ವ್ಯಾಖ್ಯಾನವೊಂದೇ ಉಳಿದ ಸ್ಥಿತಿ ಇದು. ನಮ್ಮ ಶಾಸ್ತ್ರಗಳಲ್ಲಿ ಇಂಥ ಸಂದರ್ಭಗಳು ಹೊಸವಲ್ಲ. ನಾಟ್ಯಶಾಸ್ತ್ರಕ್ಕೆ ಶ್ರೀಶಂಕುಕನು ಬರೆದ ವ್ಯಾಖ್ಯಾನವು ನಮಗೆ ದೊರೆತಿಲ್ಲ. ಅವನ ಮತವನ್ನು ಖಂಡಿಸುವುದಕ್ಕಾಗಿ ಅಭಿನವಗುಪ್ತನು ಮಾಡಿರುವ ಅನುವಾದದಿಂದಲೇ ನಾವು ಅದನ್ನು ಬಲ್ಲೆವು. ಅಭಿನವಗುಪ್ತನು ಪ್ರಾಮಾಣಿಕನಾಗಿ ಪೂರ್ವಪಕ್ಷವನ್ನು ಬರೆದಿಟ್ಟದ್ದರಿಂದ ಶಂಕುಕನು ಬದುಕಿದನು. ವ್ಯಾಖ್ಯಾತೃವು ಅಪ್ರಾಮಾಣಿಕನಾಗಿದ್ದರೆ ನಷ್ಟವಾದ ಗ್ರಂಥವು ಎರಡನೆಯ ಸಲ ನಷ್ಟವಾಗುತ್ತದೆ. ಹಾರುದೋಣಿಯ ಸಿಮ್ಯುಲೇಟರಿನ ಯಾಥಾರ್ಥ್ಯದ ಪ್ರಶ್ನೆಯು ಬರಿಯ ರುಚಿಯ ಪ್ರಶ್ನೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩

ಶಂಕುಕನ ಮತವೇ ಇಲ್ಲಿ ನಮಗೆ ಮೊದಲ ಆಸರೆ. ನಟನನ್ನು ಕಂಡಾಗ ‘ಇವನು ರಾಮನೇ’ ಎಂಬ ಸಮ್ಯಕ್‌ಪ್ರತೀತಿಯೂ ಅಲ್ಲ, ಆಮೇಲೆ ಬಾಧಿತವಾಗುವ ಮಿಥ್ಯಾಪ್ರತೀತಿಯೂ ಅಲ್ಲ, ‘ಹೌದೋ ಅಲ್ಲವೋ’ ಎಂಬ ಸಂಶಯವೂ ಅಲ್ಲ, ‘ರಾಮನಂತಿರುವನು’ ಎಂಬ ಸಾದೃಶ್ಯಜ್ಞಾನವೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ಆಗುವಂಥ ವಿಲಕ್ಷಣವಾದ ಪ್ರತೀತಿ ಎಂದು ಅವನ ಮತ. ಇದೇ ಚಿತ್ರತುರಗನ್ಯಾಯವು. ಸಿಮ್ಯುಲೇಟರಿನಲ್ಲಿ ಹಾರುದೋಣಿಯನ್ನು ನಡೆಸುವವನ ಅನುಭವಕ್ಕೆ ಇದಕ್ಕಿಂತ ಸಮರ್ಪಕವಾದ ವರ್ಣನೆ ಇಲ್ಲ. ತಾನು ಕುರ್ಚಿಯಲ್ಲಿರುವೆನೆಂದು ಅವನು ಬಲ್ಲನು. ಆದರೂ ಅಲೆ ಎದ್ದರೆ ಅವನ ಕೈ ಬಿಗಿಯುವುದು.

ಇದಕ್ಕೆ ಅಭಿನವಗುಪ್ತನ ಗುರುವಾದ ಭಟ್ಟತೌತನು ಎತ್ತಿದ ಆಕ್ಷೇಪವು ಇನ್ನೂ ಬಲವಾದುದು. ರಾಮನ ಚಿತ್ತವೃತ್ತಿಯನ್ನು ಯಾರೂ ಕಂಡಿಲ್ಲ. ಕಾಣದುದನ್ನು ಅನುಕರಿಸಿದನೆಂದು ಹೇಳುವುದು ಹೇಗೆ? ಅನುಕಾರ್ಯವನ್ನು ಅರಿಯದವನು ಅನುಕರಣವನ್ನು ಗುರುತಿಸುವುದಾದರೂ ಹೇಗೆ? ಬೋಯಿಂಗ್ ೩೧೪ ನೀರಿನಿಂದೇಳುವುದನ್ನು ಅದರ ಚಾಲಕನ ಪೀಠದಿಂದ ಕಂಡವರು ಎಷ್ಟು ಮಂದಿ? ಕಾಣದವನು ಅದರ ಪ್ರತಿರೂಪವನ್ನು ನಡೆಸಿ ‘ಯಥಾರ್ಥವಾಗಿದೆ’ ಎಂದು ಕೊಂಡಾಡಿದರೆ, ಆ ಮಾತಿಗೆ ‘ನನಗೆ ಹಿಡಿಸಿತು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಇದಕ್ಕೆ ಸಮಾಧಾನವು ಹೀಗೆ: ರಾಮನ ಚಿತ್ತವೃತ್ತಿಗೂ ಹಾರುದೋಣಿಗೂ ಒಂದು ವ್ಯತ್ಯಾಸವಿದೆ. ರಾಮನ ಮನಸ್ಸನ್ನು ಯಾರೂ ಅಳೆದಿರಲಿಲ್ಲ. ಹಾರುದೋಣಿಯ ತಳವನ್ನು ಅಳೆದಿರುವರು. ಅಮೆರಿಕದ ಸರ್ಕಾರವು ವಿಮಾನಶಾಸ್ತ್ರದ ಸಂಶೋಧನೆಗೆಂದು ಸ್ಥಾಪಿಸಿದ್ದ ‘ನಾಕಾ’ ಎಂಬ ಮಂಡಲಿಯು ೧೯೩೧ರಲ್ಲಿ ಲ್ಯಾಂಗ್ಲಿಯಲ್ಲಿ ಉದ್ದವಾದ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ದೋಣಿಯೊಡಲುಗಳ ಮಾದರಿಗಳನ್ನು ನಾನಾ ವೇಗಗಳಲ್ಲಿ ಎಳೆದು, ನೀರು ಒಡ್ಡುವ ತಡೆಯೆಷ್ಟು, ಮೂತಿ ಎಷ್ಟು ಮೇಲೇಳುವುದು, ನೀರಿನ ಸಿಂಪಡೆ ಎಲ್ಲಿಗೆ ಬಡಿಯುವುದು ಎಂಬುದನ್ನು ಅಳೆಸಿ ವರದಿಗಳನ್ನು ಪ್ರಕಟಿಸಿತು. ಆ ವರದಿಗಳು ಇಂದು ಯಾರು ಬೇಕಾದರೂ ಓದುವಂತೆ ದೊರೆಯುವುವು. ಲಕ್ಷ್ಯವು ಹೋದರೂ ಲಕ್ಷಣಗ್ರಂಥವು ಉಳಿದಿದೆ. ಆದುದರಿಂದ ಭಟ್ಟತೌತನ ಆಕ್ಷೇಪವು ಇಲ್ಲಿ ನಿರುತ್ತರವಲ್ಲ. ಉತ್ತರವಿದ್ದೂ ಅದನ್ನು ಹುಡುಕದ ಅನುಕರ್ತೃವಿಗೆ ಮಾತ್ರ ಅದು ತಟ್ಟುತ್ತದೆ.

೪

ಇನ್ನು ಲಕ್ಷಣವನ್ನು ನೋಡೋಣ. ನಿಂತ ಹಾರುದೋಣಿಯನ್ನು ನೀರು ಹೊತ್ತಿರುತ್ತದೆ. ಎಂಜಿನುಗಳಿಗೆ ಪೂರ್ಣಶಕ್ತಿಯನ್ನು ಕೊಟ್ಟೊಡನೆ ದೋಣಿಯು ನೀರನ್ನು ಉಳುತ್ತ ಸಾಗುತ್ತದೆ, ಮೂತಿ ಮೇಲಕ್ಕೇಳುತ್ತದೆ, ಮುಂದೆ ನೀರು ಗುಡ್ಡೆಯಾಗುತ್ತದೆ. ವೇಗವು ಹೆಚ್ಚಿದಷ್ಟೂ ತಡೆಯು ಹೆಚ್ಚುತ್ತ ಬಂದು ಒಂದು ಶಿಖರವನ್ನು ಮುಟ್ಟುತ್ತದೆ. ಇದನ್ನು ಆ ಶಾಸ್ತ್ರದವರು ‘ಹಂಪ್’ ಎನ್ನುವರು, ನಾವು ದಿಬ್ಬವೆನ್ನಬಹುದು. ಈ ದಿಬ್ಬವನ್ನು ದಾಟಿದರೆ ದೋಣಿಯು ನೀರಿನೊಳಗಿಂದ ನೀರಿನ ಮೇಲಕ್ಕೆ ಬರುತ್ತದೆ, ತಡೆಯು ಇಳಿಯುತ್ತದೆ, ವೇಗವು ಏರುತ್ತದೆ. ದಾಟದಿದ್ದರೆ, ಹೊರೆ ಹೆಚ್ಚಾಗಿಯೋ ಸೆಕೆಯಿಂದ ಎಂಜಿನಿನ ಬಲ ಕುಗ್ಗಿಯೋ, ಅದು ಎಷ್ಟು ಹೊತ್ತು ಓಡಿದರೂ ದೋಣಿಯಾಗಿಯೇ ಉಳಿಯುತ್ತದೆ.

ದೋಣಿಯ ತಳದಲ್ಲಿ ಅಡ್ಡಲಾಗಿ ಒಂದು ಮೆಟ್ಟಿಲನ್ನು ಕಡಿದಿರುವರು. ನೀರು ತಳಕ್ಕೆ ಅಂಟಿಕೊಂಡು ಹಿಂದಕ್ಕೆಳೆಯುವುದನ್ನು ಈ ಮೆಟ್ಟಿಲು ಕತ್ತರಿಸುತ್ತದೆ. ದಿಬ್ಬವನ್ನು ದಾಟಿದ ದೋಣಿಯು ಈ ಮೆಟ್ಟಿಲಿನ ಮುಂದಿನ ತಳದ ಮೇಲೆ ಜಾರುತ್ತದೆ. ಆಗ ಮೂತಿಯನ್ನು ಒಂದು ಮಿತಿಗಿಂತ ಹೆಚ್ಚಾಗಿ ಎತ್ತಿದರೂ ತಗ್ಗಿಸಿದರೂ ಅದು ಕಡಲಹಂದಿಯಂತೆ ನೆಗೆದು ಮುಳುಗಿ, ನೆಗೆದು ಮುಳುಗಿ, ಪ್ರತಿಸಲವೂ ಹೆಚ್ಚು ಹೆಚ್ಚಾಗಿ ಕುಣಿಯತೊಡಗುವುದು. ಚಾಲಕನ ಕೌಶಲವೆಲ್ಲ ಈ ಎರಡು ಮಿತಿಗಳ ನಡುವಣ ಕಿರಿದಾದ ಹಾದಿಯಲ್ಲಿದೆ. ಇನ್ನೊಂದು ವಿಚಿತ್ರವೆಂದರೆ, ತೀರ ಶಾಂತವಾದ ನೀರಿನಿಂದ ಏಳುವುದು ಸಣ್ಣ ಅಲೆಗಳಿರುವ ನೀರಿನಿಂದ ಏಳುವುದಕ್ಕಿಂತ ಕಷ್ಟ. ತಳವು ನೀರಿಗೆ ಅಂಟಿಕೊಳ್ಳುತ್ತದೆ.

ಇನ್ನು ಸಿಮ್ಯುಲೇಟರಿನ ಕಡೆಗೆ ಬರೋಣ. ೨೦೦೬ರ ಪಾಠದಲ್ಲಿ ಗ್ರಮ್ಮನ್ ಗೂಸ್ ಎಂಬ ಪುಟ್ಟ ಹಾರುದೋಣಿಯೊಂದು ಮೂಲದಲ್ಲಿಯೇ ಸೇರಿತ್ತು. ಆ ಪಾಠದಲ್ಲಿ ಪ್ರತಿಯೊಂದು ವಿಮಾನಕ್ಕೂ ಯಾರು ಬೇಕಾದರೂ ತೆರೆದು ಓದಬಹುದಾದ ಸೂತ್ರಪಾಠವೊಂದಿದೆ. ಅದರಲ್ಲಿ ‘ಸ್ಪರ್ಶಬಿಂದುಗಳು’ ಎಂಬ ಪ್ರಕರಣವಿದೆ. ಒಂದೊಂದು ಬಿಂದುವಿಗೂ ಒಂದು ವರ್ಗಸಂಖ್ಯೆ: ಒಂದು ಎಂದರೆ ಗಾಲಿ, ನಾಲ್ಕು ಎಂದರೆ ತೇಲು, ಐದು ಎಂದರೆ ನೀರಿನ ಚುಕ್ಕಾಣಿ. ಸಂಖ್ಯೆಯ ಮುಂದೆ ಆ ಬಿಂದುವಿನ ಸ್ಥಾನ, ಭಾರ ಬಿದ್ದಾಗ ಅದು ಎಷ್ಟು ಕುಗ್ಗಬೇಕು, ಕುಗ್ಗಿದ ಮೇಲಣ ಅಲುಗಾಟವು ಎಷ್ಟು ಬೇಗ ಅಡಗಬೇಕು ಎಂಬ ಅಂಕಗಳು ಬರುವುವು. ಇವು ಸ್ಪ್ರಿಂಗಿನ ಮೇಲೆ ಕುಳಿತ ಗಾಲಿಗೆ ಹೇಳಿದ ಮಾತುಗಳು. ಅವನ್ನೇ ತೇಲಿಗೂ ಅತಿದೇಶಮಾಡಿರುವರು. ತಳದಲ್ಲಿ ಮೆಟ್ಟಿಲು ಎಲ್ಲಿದೆ, ತಳದ ಇಳಿಜಾರು ಎಷ್ಟು, ಅಂಚಿನ ಆಕಾರವೇನು ಎಂಬುದನ್ನು ಬರೆಯುವುದಕ್ಕೆ ಆ ಪ್ರಕರಣದಲ್ಲಿ ಸ್ಥಳವೇ ಇಲ್ಲ. ಬೇರೆ ಬೇರೆ ತಳಗಳ ಎರಡು ದೋಣಿಗಳ ಭೇದವನ್ನು ಬಿಂದುಗಳ ಭೇದದಿಂದ ಮಾತ್ರ ಸೂಚಿಸಬೇಕು. ಕಣ್ಣಿಗೆ ಕಾಣುವ ಅಲೆಗಳು ಬರಿಯ ಚಿತ್ರ. ದೋಣಿಯನ್ನು ಅವು ಅಲುಗಿಸವು. ಸಂಕ್ಷೇಪವಾಗಿ ಹೇಳುವುದಾದರೆ, ನೀರನ್ನು ಅಲ್ಲಿ ನೆಲದ ವ್ಯಾಕರಣದಿಂದ ಬರೆದಿದೆ. ೨೦೨೦ರ ಪಾಠದಲ್ಲಿಯೂ ಈ ವರ್ಗೀಕರಣವು ಮುಂದುವರಿದಿದೆ. ಎಕ್ಸ್-ಪ್ಲೇನ್‌ನಲ್ಲಿ ಅಲೆಗಳ ಎತ್ತರವನ್ನು ಆಡುವವನೇ ನಿಶ್ಚಯಿಸಬಹುದಾಗಿರುವುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದೆ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಹಾರುದೋಣಿಯೊಂದೇ ಆ ಮಾತನ್ನು ಧೈರ್ಯವಾಗಿ ಹೇಳಬಲ್ಲುದು. ಅದರ ನೆಲವು ನಿಜವಾಗಿಯೂ ಡೊಂಕು. ಸಿಮ್ಯುಲೇಟರು ಆ ಡೊಂಕನ್ನು ತಿದ್ದಿ ಅಂಗಳವನ್ನಾಗಿ ಮಾಡಿಕೊಟ್ಟಿದೆ. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರರಥದಲ್ಲಿ ಇಳಿದಾಗ, ಗಾಲಿಯ ಸದ್ದಾಗಲಿಲ್ಲ, ಧೂಳೇಳಲಿಲ್ಲ, ಇಳಿದದ್ದೇ ತಿಳಿಯಲಿಲ್ಲವೆಂದು ಬೆರಗಾಗುವನು. ರಥವು ನೆಲವನ್ನು ಮುಟ್ಟದೆ ನಿಂತಿತ್ತು. ಕವಿಯು ಅದನ್ನು ದೇವರಥದ ಲಕ್ಷಣವಾಗಿ ಬೇಕೆಂದೇ ಹೇಳಿರುವನು, ಮಾನುಷರಥವು ಹೀಗಲ್ಲವೆಂದು ಮಾತಲಿಯ ಬಾಯಿಂದಲೇ ಸೂಚಿಸಿರುವನು. ನಮ್ಮ ಸಿಮ್ಯುಲೇಟರುಗಳ ಹಾರುದೋಣಿಗಳು ಹಲವು ವೇಳೆ ಮಾತಲಿಯ ರಥದಂತೆ ಇಳಿಯುವುವು; ಆದರೆ ಅವನ್ನು ಮಾನುಷರಥವೆಂದು ಹೇಳಿ ನಮ್ಮ ಕೈಗೆ ಕೊಟ್ಟಿರುವರು.

ಇಳಿಯುವಿಕೆಯಲ್ಲಿಯೇ ಇನ್ನೊಂದು ಸೂಕ್ಷ್ಮವುಂಟು. ಗಾಳಿಯಿಲ್ಲದ ದಿನ ನೀರು ಕನ್ನಡಿಯಂತೆ ನಿಂತಿರುವಾಗ, ಎಷ್ಟು ಎತ್ತರದಲ್ಲಿರುವೆನೆಂದು ಚಾಲಕನಿಗೆ ಕಣ್ಣಿನಿಂದ ತಿಳಿಯದು. ನೀರಿನ ಮೇಲ್ಮೈಯೇ ಅವನಿಗೆ ಕಾಣಿಸದು; ಅದರಲ್ಲಿ ಬಿದ್ದ ಆಕಾಶವು ಕಾಣಿಸುತ್ತದೆ. ಆದುದರಿಂದ ಅನುಭವಿಗಳು ದಡದ ಬಳಿಯಲ್ಲಿ, ಮರಗಿಡಗಳನ್ನು ಆಧಾರವಾಗಿಟ್ಟುಕೊಂಡು, ಎಂಜಿನಿಗೆ ಸ್ವಲ್ಪ ಶಕ್ತಿಯನ್ನು ಉಳಿಸಿ, ಮೂತಿಯನ್ನು ಸ್ವಲ್ಪ ಎತ್ತಿ ಹಿಡಿದು, ನಿಧಾನವಾಗಿ ಇಳಿಯುತ್ತ ನೀರು ತಾನಾಗಿ ಬಂದು ಮುಟ್ಟುವವರೆಗೆ ಕಾಯುವರು. ಇಲ್ಲಿ ಯಾಥಾರ್ಥ್ಯವು ಕಾಣಿಸುವುದರಲ್ಲಿಲ್ಲ, ಕಾಣಿಸದಿರುವುದರಲ್ಲಿದೆ. ಸಿಮ್ಯುಲೇಟರಿನ ಚಿತ್ರಕಾರನು ನೀರಿಗೆ ಮಿನುಗನ್ನೂ ಅಲೆಗೆರೆಗಳನ್ನೂ ಅಲಂಕಾರವಾಗಿ ಬರೆದಷ್ಟೂ ಆ ಅಪಾಯವು ಮರೆಯಾಗುತ್ತದೆ. ಪರದೆಯ ಮೂಲೆಯಲ್ಲಿ ಎತ್ತರವನ್ನು ಅಂಕಿಗಳಲ್ಲಿ ತೋರಿಸಿದರಂತೂ ಉಳಿದದ್ದೂ ಹೋಯಿತು. ಅಲಂಕಾರವು ಅಲಂಕಾರ್ಯವನ್ನೇ ನುಂಗುವುದು ದೋಷವೆಂದು ನಾವು ಕಾವ್ಯದಲ್ಲಿ ಹೇಳುವೆವು. ಅದೇ ಮಾತು ಇಲ್ಲಿಗೂ ಸಲ್ಲುತ್ತದೆ.

ನೀರಿನ ಮೇಲೆ ನಿಂತ ದೋಣಿಯ ವರ್ತನೆಯೂ ವಿಚಾರಾರ್ಹ. ಅದಕ್ಕೆ ಬ್ರೇಕಿಲ್ಲ. ಎಂಜಿನುಗಳು ನಿಂತರೂ ಗಾಳಿಯೂ ಪ್ರವಾಹವೂ ಅದನ್ನು ಸಾಗಿಸುತ್ತಿರುವುವು. ಮೂತಿಯು ತಾನಾಗಿ ಗಾಳಿಗೆ ಎದುರಾಗಿ ತಿರುಗುವುದು. ಸಂಡರ್‌ಲೆಂಡ್ ಮೊದಲಾದ ದೊಡ್ಡ ದೋಣಿಗಳಲ್ಲಿ ಅಡುಗೆಕೋಣೆಯ ಬದಿಯ ಬಾಗಿಲುಗಳಿಂದ ಬಟ್ಟೆಯ ಚೀಲಗಳನ್ನು ನೀರಿಗೆ ಬಿಟ್ಟು, ಅವುಗಳ ಎಳೆತದಿಂದ ವೇಗವನ್ನು ತಗ್ಗಿಸುತ್ತಿದ್ದರು. ಮೂತಿಯಲ್ಲಿ ನಿಂತವನೊಬ್ಬನು ಕೊಕ್ಕೆಗೋಲಿನಿಂದ ಲಂಗರಿನ ಬುರುಡೆಯನ್ನು ಹಿಡಿಯುತ್ತಿದ್ದನು. ಮನೆಯ ಸಿಮ್ಯುಲೇಟರಿನಲ್ಲಿ ಈ ಸಾವಧಾನಕ್ಕೂ ಈ ಪರಿವಾರಕ್ಕೂ ಎಡೆ ಬಹಳ ಕಡಮೆ. ಒಬ್ಬನೇ ನಡೆಸುವ ದೋಣಿಯು ಬಹುಜನರ ದೋಣಿಯ ಅನುಕರಣವೆಂದು ಹೇಳಿಕೊಳ್ಳುತ್ತಿದೆ.

೫

ಇಲ್ಲಿ ಪೂರ್ವಪಕ್ಷಿಯು ಹೀಗೆ ಕೇಳಬಹುದು: ನಾಟ್ಯದಲ್ಲಿ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡುಂಟಲ್ಲವೆ? ಎಲ್ಲವೂ ಲೋಕದಲ್ಲಿರುವಂತೆಯೇ ಇರಬೇಕೆಂದರೆ ನಾಟ್ಯವೇ ಸಾಗದು. ೧೯೪೩ರಿಂದ ೧೯೪೫ರವರೆಗೆ ಆಸ್ಟ್ರೇಲಿಯದ ಪರ್ತ್ ನಗರದಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ ಕ್ಯಾಂಟಸ್ ಸಂಸ್ಥೆಯ ಕ್ಯಾಟಲೀನಾಗಳು ನಿಲ್ಲದೆ ಹಾರುತ್ತಿದ್ದುವು. ಒಂದು ಪ್ರಯಾಣಕ್ಕೆ ಇಪ್ಪತ್ತೇಳರಿಂದ ಮೂವತ್ತುಮೂರು ಗಂಟೆ. ಪ್ರಯಾಣಿಕರು ಎರಡು ಸಲ ಸೂರ್ಯೋದಯವನ್ನು ಕಾಣುತ್ತಿದ್ದರು. ಇದನ್ನು ಮನೆಯಲ್ಲಿ ಯಥಾವತ್ತಾಗಿ ಅನುಕರಿಸುವವನು ಎರಡು ದಿನ ಉಣ್ಣದೆ ಮಲಗದೆ ಕೂರಬೇಕೆ?

ಕೂರಬೇಕಾಗಿಲ್ಲ. ಕಾಲವನ್ನು ಮೊಟಕುಮಾಡುವುದು ನಾಟ್ಯಧರ್ಮಿಗೆ ಒಪ್ಪುವ ಕೆಲಸ. ಅಂಕ ಅಂಕಗಳ ನಡುವೆ ವರ್ಷಗಳನ್ನೇ ದಾಟಿಸಿರುವ ಕವಿಗಳುಂಟು. ಆದರೆ ನಾಟ್ಯಧರ್ಮಿಗೂ ಔಚಿತ್ಯವೆಂಬ ಎಲ್ಲೆಯಿದೆ. ಯಾವುದನ್ನು ಬಿಟ್ಟರೂ ವಸ್ತುವು ತನ್ನ ಸ್ವಭಾವದಲ್ಲಿ ಉಳಿಯುವುದೋ ಅದನ್ನು ಬಿಡಬಹುದು. ಯಾವುದನ್ನು ಬಿಟ್ಟರೆ ವಸ್ತುವು ಬೇರೊಂದಾಗುವುದೋ ಅದನ್ನು ಬಿಡಲಾಗದು. ಗಂಟೆಗಳನ್ನು ಬಿಟ್ಟ ಹಾರುದೋಣಿಯು ಹಾರುದೋಣಿಯೇ. ನೀರಿನ ತಡೆಯನ್ನು ಬಿಟ್ಟ ಹಾರುದೋಣಿಯು ಹೊಟ್ಟೆ ಉಬ್ಬಿದ ವಿಮಾನ. ಗುಂಡಿಗಳ ಹೊಳಪು, ಚರ್ಮದ ಆಸನದ ಸುಕ್ಕು, ಗಾಜಿನ ಮೇಲಣ ಮಳೆಹನಿ ಇವುಗಳಲ್ಲಿ ಇಂದಿನ ಕೃತಿಕಾರರು ತೋರುವ ಲೋಕಧರ್ಮಿಯು ಆಶ್ಚರ್ಯಕರವಾದುದು. ಪ್ರಾಣಸ್ಥಾನದಲ್ಲಿ ನಾಟ್ಯಧರ್ಮಿಯನ್ನೂ ಆಭರಣಸ್ಥಾನದಲ್ಲಿ ಲೋಕಧರ್ಮಿಯನ್ನೂ ಇಟ್ಟಿರುವುದೇ ಇಲ್ಲಿಯ ವಿಪರ್ಯಾಸ.

ಇನ್ನೊಂದು ಉದಾಹರಣೆಯು ಈ ವಿಷಯವನ್ನು ಬೇರೊಂದು ಕಡೆಯಿಂದ ಬೆಳಗಿಸುತ್ತದೆ. ಹೊವಾರ್ಡ್ ಹ್ಯೂಸ್‌ನ ಎಚ್-೪ ಹರ್ಕ್ಯುಲೀಸ್ ಎಂಬ ಮರದ ಮಹಾನೌಕೆಯು ೧೯೪೭ನೆಯ ನವೆಂಬರ್ ೨ರಂದು ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಬಂದರಿನಲ್ಲಿ ಸುಮಾರು ೭೦ ಅಡಿ ಎತ್ತರದಲ್ಲಿ ಸುಮಾರು ಒಂದು ಮೈಲಿ ಹಾರಿತು. ಮತ್ತೆ ಎಂದೂ ಹಾರಲಿಲ್ಲ. ೨೦೨೨ರಲ್ಲಿ ಮೈಕ್ರೊಸಾಫ್ಟಿನ ನಲವತ್ತನೆಯ ವರ್ಷದ ಆವೃತ್ತಿಯಲ್ಲಿ ಅದು ಸೇರಿತು. ಈಗ ಅಭ್ಯಾಸಿಗಳು ಅದನ್ನು ಮೋಡಗಳ ಮೇಲೆ ಹಾರಿಸಬಹುದು, ಸಾಗರಗಳನ್ನು ದಾಟಿಸಬಹುದು. ಮೊದಲ ಮೈಲಿಗೆ ಪ್ರತ್ಯಕ್ಷಪ್ರಮಾಣವುಂಟು, ಮಿಕ್ಕುದೆಲ್ಲ ಅನುಮಾನ. ಅನುಮಾನವು ತಪ್ಪೆಂದು ನಾವು ಹೇಳುವುದಿಲ್ಲ, ಅದು ಪ್ರಮಾಣವೇ. ಆದರೆ ಪ್ರತ್ಯಕ್ಷವು ಮುಗಿದು ಅನುಮಾನವು ಮೊದಲಾಗುವ ಗೆರೆಯನ್ನು ಪಾಠದಲ್ಲಿ ತೋರಿಸಬೇಕು. ಲುಪ್ತಪಾಠವನ್ನು ಊಹಿಸಿ ತುಂಬಿದ ಸಂಪಾದಕನು ಅದನ್ನು ಕಂಸದಲ್ಲಿಟ್ಟು ತೋರಿಸುವಂತೆ ಇದೂ ಆಗಬೇಕು.

ದೇಶಕಾಲವಿರೋಧವೆಂದು ಭಾಮಹದಂಡಿಗಳು ಹೇಳಿದ ದೋಷವೂ ಇಲ್ಲಿಗೆ ಬರುತ್ತದೆ. ೧೯೩೮ರ ಸುಮಾರಿನಲ್ಲಿ ಇಂಪೀರಿಯಲ್ ಏರ್‌ವೇಸಿನ ದೋಣಿಗಳು ಕರಾಚಿ, ರಜಪುತಾನದ ರಾಜಸಮಂದ ಸರೋವರ, ಗ್ವಾಲಿಯರ್, ಅಲಹಾಬಾದಿನ ಯಮುನೆ, ಕಲ್ಕತ್ತೆಯ ಹೂಗ್ಲಿ ಈ ಕ್ರಮದಿಂದ ನಮ್ಮ ದೇಶವನ್ನು ದಾಟುತ್ತಿದ್ದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದುವು. ಉಪಗ್ರಹಚಿತ್ರಗಳಿಂದ ಭೂಮಿಯನ್ನು ಕಟ್ಟುವ ಇಂದಿನ ಸಿಮ್ಯುಲೇಟರಿನಲ್ಲಿ ಒಬ್ಬನು ಕ್ಯಾಟಲೀನಾವನ್ನು ಬೆಳ್ಳಂದೂರಿಗೆ ತಂದರೆ, ಅವನು ಇಳಿಯುವುದು ಯುದ್ಧಕಾಲದ ಆ ತಿಳಿನೀರಿನ ಮೇಲಲ್ಲ. ೨೦೧೭ರಲ್ಲಿ ನೊರೆಗೂ ಬೆಂಕಿಗೂ ಸುದ್ದಿಯಾದ, ಸುತ್ತಲೂ ಮನೆಗಳೆದ್ದ ಕೆರೆಯ ಮೇಲೆ. ದೋಣಿಯು ಒಂದು ಕಾಲದ್ದು, ನೀರು ಇನ್ನೊಂದು ಕಾಲದ್ದು. ಆಡುವವನಿಗೆ ಇದು ಗೊತ್ತಿದ್ದರೆ ದೋಷವಿಲ್ಲ. ಹಿಂದಿನದನ್ನೇ ಕಂಡೆನೆಂದು ಅವನು ನಂಬಿದರೆ ದೋಷವು ದೊಡ್ಡದು.

ಆದುದರಿಂದ ಫಲಿತಾರ್ಥವಿದು. ಹಾರುದೋಣಿಯ ಅನುಕರಣವನ್ನು ಯಥಾರ್ಥವೆನ್ನಲು ಅದರ ಚಿತ್ರವು ಸಾಲದು. ನೀರನ್ನು ಬಿಡುವ ಮತ್ತು ನೀರನ್ನು ಸೇರುವ ಸಂಧಿಯಲ್ಲಿ ಅದು ಸರಿಯಾಗಿರಬೇಕು. ದಿಬ್ಬವು ಚಾಲಕನಿಗೆ ತಡೆಯಾಗಿ ತಿಳಿಯಬೇಕು. ಹೊರೆ ಹೆಚ್ಚಾದರೆ ದೋಣಿಯು ಏಳಲಾರೆನೆಂದು ಹೇಳಬೇಕು. ಕನ್ನಡಿನೀರಿನಲ್ಲಿ ಕಣ್ಣು ಸೋಲಬೇಕು. ಎಂಜಿನು ನಿಂತ ಮೇಲೂ ಗಾಳಿಯು ದೋಣಿಯನ್ನು ಬಿಡಬಾರದು. ಪ್ರತಿಯೊಂದು ದೋಣಿಯ ಜೊತೆಗೂ ಕೃತಿಕಾರರು ತಮ್ಮ ಪ್ರಮಾಣಗಳನ್ನು, ಎಂದರೆ ಯಾವ ತೊಟ್ಟಿಯ ಅಳತೆ, ಯಾವ ಚಾಲಕರ ಕೈಪಿಡಿ, ಯಾವುದು ತಮ್ಮ ಊಹೆ ಎಂಬುದನ್ನು, ಒಂದು ಪುಟದಲ್ಲಾದರೂ ಬರೆದಿಡಬೇಕು. ಇಷ್ಟನ್ನು ಬೇಡುವುದು ಆಟದ ಸಂತೋಷವನ್ನು ಕೆಡಿಸಿದಂತಲ್ಲ. ಕಷ್ಟಪಟ್ಟು ದಿಬ್ಬವನ್ನು ದಾಟಿದವನಿಗೆ ನೀರಿನಿಂದ ಬಿಡುಗಡೆಯಾದ ಕ್ಷಣದಲ್ಲಿ ಉಂಟಾಗುವ ಹರ್ಷವು, ದಿಬ್ಬವೇ ಇಲ್ಲದ ಕಡೆಯಲ್ಲಿ ಹಾರಿದವನಿಗೆ ಎಂದಿಗೂ ಸಿಕ್ಕದು. ಮೂಲವು ಇಲ್ಲದಿರುವಾಗ ವ್ಯಾಖ್ಯಾತೃವಿನ ಹೊಣೆಯು ಇಮ್ಮಡಿಯಾಗುತ್ತದೆ ಎಂಬ ನಮ್ಮ ಹಿರಿಯರ ಮರ್ಯಾದೆಯನ್ನು ಈ ಹೊಸ ವ್ಯಾಖ್ಯಾತೃಗಳೂ ಅಂಗೀಕರಿಸುವರೆಂದು ಆಶಿಸಿ, ಈ ವಿಚಾರವನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿದೆ.